ಫಿಜಿಯವನೂ ನನ್ನ ಒಗ್ಗರಣೆಯೂ

ನಾನು ರೊಟ್ಟಿ ಬಡಿದರೆ ಅದು ಎಡವುತ್ತದೆ ಎಂಬುದು ಕಾಕೂ ಅವರ ದೂರು. ಕಾಕೂ ಎಂದರೆ ನಮ್ಮ ವಾಡೆಯ ಮಾಲೀಕರ ಹೆಂಡತಿ. ಪುಣೆಯ ಸದಾಶಿವ ಪೇಠೆಯ ಈ ವಾಡೆಯಲ್ಲಿ ಅಂಗಳದ ಸುತ್ತ ನಾವು ಹಲವು ಸಂಸಾರದವರು ಬಾಡಿಗೆಗಿದ್ದೇವೆ. ಬೆಳಿಗ್ಗೆ ಎಲ್ಲರ ಅಡಿಗೆಮನೆಯಿಂದಲೂ ಹಿಟ್ಟು ಬಡಿಯುವ ಸದ್ದು ಕೇಳಿಬರುತ್ತದೆ. ಉಳಿದವರದು ಒಂದೇ ಸಮನೆ, ಟಪ ಟಪ ಟಪ. ನನ್ನದು ಹಾಗಲ್ಲ. ಒಂದು ಚಿಕ್ಕ ಏಟು, ಹಿಂದೆಯೇ ನಾಲ್ಕು ನಿಧಾನದ ಏಟು; ತುಸು ಬಿಟ್ಟು ನಾಲ್ಕು ಚಿಕ್ಕವು; ಒಂದು ಕ್ಷಣ ತಡೆದು ಐದನೆಯದು. ಮೊನ್ನೆ ಕಾಕೂ ಬಾಗಿಲಲ್ಲಿ ನಿಂತು, "ಇಂದೂ, ತುಝೀ ಭಾಕರೀ ಅಡಖಳತೇ ಗ," ಎಂದು ನಕ್ಕರು. ನಿನ್ನ ರೊಟ್ಟಿ ಎಡವುತ್ತದಲ್ಲೇ, ಎಂದು ಅದರ ಅರ್ಥ. ಅದು ಎಡವುವುದಲ್ಲ ಕಾಕೂ, ಅದು ಹದಿನೈದು ಎಂಬ ಅಂಕಿ, ಎಂದು ಹೇಳಲು ಬಾಯಿ ತೆರೆದೆ. ಆದರೆ ಅಷ್ಟು ಹೇಳಿದರೆ ಫಿಜಿ ದ್ವೀಪದಿಂದ ಹಿಡಿದು ಎಲ್ಲ ಹೇಳಬೇಕು, ಒಲೆಯ ಮೇಲೆ ಹಂಚು ಬೇರೆ ಕಾಯುತ್ತಿತ್ತು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ, ನಿಮ್ಮ ಹಂಚು ಕಾಯುತ್ತಿಲ್ಲವಷ್ಟೆ?

ನನ್ನ ತವರು ಧಾರವಾಡ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಮುಂದೆ ಓದಿಸುವವರಿಲ್ಲದೆ ಹಪ್ಪಳ ಲಟ್ಟಿಸುತ್ತ ಕೂತಿದ್ದಾಗ ಈ ಸಂಬಂಧ ಬಂತು. ಹುಡುಗ ನಮ್ಮ ಕಡೆಯವರೇ, ಪುಣೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುವ ಕೆಲಸ. ನಮ್ಮ ಸೋದರಮಾವ ಪುಣೆಗೆ ಹೋಗಿ ವಿಚಾರಿಸಿಕೊಂಡು ಬಂದ. "ಹುಡುಗಗ ಒಂದೂ ಚಟ ಇಲ್ಲವ್ವಾ. ತಂಬಾಕ ಇಲ್ಲ, ಇಸ್ಪೀಟ ಇಲ್ಲ, ನಾಟಕಾ ಸೈತ ನೋಡೂದಿಲ್ಲ. ಕಾಲೇಜ ಬಿಟ್ಟರ ಮನಿ," ಎಂದು ಅವ್ವನ ಮುಂದೆ ಹೇಳಿದ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮನೆಯಲ್ಲಿ ಕೂತು ಏನು ಮಾಡುತ್ತಾನೆ ಎಂದು ಮಾವ ಕೇಳಲಿಲ್ಲ, ಅಷ್ಟೇ.

ಮನೆ ತುಂಬಿಸಿಕೊಂಡ ದಿನ ನೋಡುತ್ತೇನೆ, ಎರಡೇ ಕೋಣೆ. ಹಿಂದಿನದು ಅಡಿಗೆಮನೆ. ಮುಂದಿನದರಲ್ಲಿ ಅರ್ಧ ಜಾಗವನ್ನು ಒಂದು ಮೇಜು ಹಿಡಿದಿತ್ತು. ಮೇಜಿನ ಮೇಲೆ ತಾಮ್ರದ ಸುರುಳಿಗಳು, ಬಿಸ್ಕೀಟಿನ ಡಬ್ಬಿ ಕತ್ತರಿಸಿ ಮಾಡಿದ ಪೆಟ್ಟಿಗೆಗಳು, ದೀಪದಂತೆ ಉರಿಯುವ ಗಾಜಿನ ವಾಲ್ವುಗಳು, ಬೆರಳಿನಿಂದ ಒತ್ತುವ ಒಂದು ಹಿತ್ತಾಳೆಯ ಕೀ. ಕಿಟಕಿಯಿಂದ ಹೊರಟ ತಂತಿಯೊಂದು ಅಂಗಳ ದಾಟಿ ಎದುರಿನ ಮಾಳಿಗೆಗೆ ಹೋಗಿತ್ತು. ಅದನ್ನು ಯಾರೂ ಮುಟ್ಟಬಾರದು ಎಂದು ನಮ್ಮವರು ಎಲ್ಲರಿಗೂ ಹೇಳಿದ್ದರು. ಆದರೂ ಒಂದು ದಿನ ಕಾಕೂ ತಮ್ಮ ಹದಿನೆಂಟು ಮೊಳದ ಒದ್ದೆ ಸೀರೆಯನ್ನು ಅದರ ಮೇಲೆ ಹರವಲು ಹೋದರು. ಒಳಗೆ ಇವರು ಅದೇ ಹೊತ್ತಿಗೆ ಕೀ ಒತ್ತಿದರು. ಕಾಕೂಗೆ ಬೆರಳು ಚುರ್ರೆಂದು, ಆ ತಂತಿಯಲ್ಲಿ ಏನೋ ಗಾಳಿ ಸೇರಿದೆ ಎಂದು ವಾಡೆಗೆಲ್ಲ ಸುದ್ದಿಯಾಯಿತು. ಅಂದಿನಿಂದ ಇವರು ಹೇಳುವ ಅಗತ್ಯವೇ ಬೀಳಲಿಲ್ಲ.

ನನಗೆ ಭಯಕ್ಕಿಂತ ಕುತೂಹಲ ಹೆಚ್ಚು. ಇದೇನು, ಯಾಕೆ, ಆ ಕಡೆ ಯಾರು ಎಂದು ಪ್ರಾಣ ತಿಂದೆ. ತಂತಿಯಿಲ್ಲದೆ, ಗಾಳಿಯಲ್ಲಿ, ಕಟ್ ಕಡ ಎಂಬ ತಾರಿನ ಭಾಷೆಯಲ್ಲಿ ಲೋಕದ ಮೂಲೆಮೂಲೆಯವರ ಜೊತೆ ಮಾತಾಡಬಹುದು ಎಂದು ಇವರು ವಿವರಿಸಿದರು. ಸಂಬಳಕ್ಕಲ್ಲ, ಸರಕಾರದ ಕೆಲಸಕ್ಕಲ್ಲ, ಬರೀ ಹವ್ಯಾಸಕ್ಕೆ. ಅದಕ್ಕೂ ಲೈಸೆನ್ಸು ಬೇಕು, ಸರಕಾರವೇ ಕೆಲವು ಅಕ್ಷರ ಜೋಡಿಸಿ ಒಂದು ಹೆಸರು ಕೊಡುತ್ತದೆ, ಗಾಳಿಯಲ್ಲಿ ಅದೇ ನಮ್ಮ ಹೆಸರು. ವರ್ಷಕ್ಕೊಮ್ಮೆ ಬ್ರಿಟಿಷ್ ಸಾಮ್ರಾಜ್ಯದ ಹವ್ಯಾಸಿಗಳೆಲ್ಲ ಸೇರಿ ಪಂದ್ಯ ಆಡುತ್ತಾರೆ. ಶನಿವಾರ ಭಾನುವಾರದೊಳಗೆ ಯಾರು ಹೆಚ್ಚು ಜನರನ್ನು, ಹೆಚ್ಚು ದೇಶಗಳನ್ನು ಹಿಡಿಯುತ್ತಾರೋ ಅವರು ಗೆದ್ದಂತೆ.

ಕೇಳಿ ನನಗೆ ರೋಮಾಂಚನವಾಯಿತು. ಲೋಕದ ಆ ತುದಿಯವನ ಜೊತೆ ಮಾತು! ಮೊದಲ ಪಂದ್ಯದ ದಿನ ಕೆಲಸ ಬಿಟ್ಟು ಬಾಗಿಲ ಹತ್ತಿರ ಕೂತೆ. ನ್ಯೂಜಿಲೆಂಡಿನವನೊಬ್ಬ ಸಿಕ್ಕ. ಕಟಕಟ ಆಯಿತು. ಇವರೂ ಕಟಕಟ ಮಾಡಿದರು. ಮುಗಿಯಿತು.

"ಏನಂದ್ರೀ ಅಂವ?" ಎಂದೆ.

"ಮೂವತ್ತೆರಡು ಅಂದ."

"ಏನ ಮೂವತ್ತೆರಡು?"

"ನಾ ಅಂವಗ ಸಿಕ್ಕ ಮೂವತ್ತೆರಡನೇದಾಂವ. ಅಂವ ತನ್ನ ಅಂಕಿ ಹೇಳಬೇಕು, ನಾ ನಂದು ಹೇಳಬೇಕು. ಇಬ್ಬರೂ ಸರಿಯಾಗಿ ಕೇಳಿ ಬರಕೊಂಡ್ರ ಗುಣ, ಅಂದ್ರ ಮಾರ್ಕು. ತಪ್ಪಿದ್ರ ಇಲ್ಲ."

"ನೀವೇನು ಕೇಳಿದ್ರಿ?"

"ಏನ ಕೇಳೂದು? ನನ್ನ ಅಂಕಿ ಹೇಳಿದೆ. ಆತು."

ನನಗೆ ನಿಜವಾಗಿಯೂ ಸಿಟ್ಟು ಬಂತು. ನೀವೇ ಹೇಳಿ, ಧಾರವಾಡದ ಓಣಿಯಲ್ಲಿ ಎದುರಿಗೆ ಸಿಕ್ಕ ಮೂರನೆಯವನನ್ನೂ ಊಟ ಆತೇನ್ರಿ ಎಂದು ಕೇಳದೆ ಮುಂದಕ್ಕೆ ಬಿಡುವುದಿಲ್ಲ. ಇವರು ಸಮುದ್ರಗಳಾಚೆಯ ಮನುಷ್ಯನನ್ನು ಅಷ್ಟು ಕಷ್ಟಪಟ್ಟು ಹಿಡಿದು, ಒಂದು ಅಂಕಿ ಹೇಳಿ ಕೈಬಿಡುತ್ತಾರೆ. ಅವನಿಗೆ ಹೆಂಡತಿ ಇದ್ದಾಳೋ, ಮಳೆ ಬಂತೋ, ಉಂಡನೋ, ಒಂದೂ ಇಲ್ಲ. "ಊಟಾ ಕೇಳಕೋತ ಕೂತ್ರ ಪಂದ್ಯಾ ಮುಗೀತದ," ಎಂದು ಇವರು ನನ್ನ ಕಡೆ ನೋಡದೆಯೇ ಮುಂದಿನವನನ್ನು ಕರೆದರು.

ಪಂದ್ಯದ ಶನಿವಾರ ಬಂತೆಂದರೆ ನನಗೆ ಒಂದು ಪಾತ್ರೆ ಕಡಿಮೆಯಾಗುತ್ತಿತ್ತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಆಗ ಬಲು ಭಾರ. ಹೊತ್ತುಗಟ್ಟಲೆ ಹಾಕಿಕೊಂಡರೆ ಕಿವಿ ಕೆಂಪಗೆ ಬಾತುಕೊಳ್ಳುತ್ತಿದ್ದವು. ಆಗ ಇವರು ಅಡಿಗೆಮನೆಗೆ ಬಂದು ನಾನು ಹಿಟ್ಟು ಕಲಸುವ ಹಿತ್ತಾಳೆಯ ಬೋಗುಣಿ ಒಯ್ದು, ಹೆಡ್‌ಫೋನನ್ನು ಅದರೊಳಗೆ ಇಡುತ್ತಿದ್ದರು. ಬೋಗುಣಿಯಲ್ಲಿ ಸದ್ದು ಗುಂಯ್ಗುಟ್ಟಿ ದೊಡ್ಡದಾಗಿ ಹೊರಬರುತ್ತಿತ್ತು. ಹೊಸದಾಗಿ ಕಲಾಯಿ ಹಾಕಿಸಿದ್ದರೆ ಇನ್ನೂ ಚೆನ್ನಾಗಿ ಕೇಳುತ್ತದೆ ಎಂಬುದು ಇವರ ನಂಬಿಕೆ. ಹಾಗಾಗಿ ನಮ್ಮ ಮನೆಯ ಪಾತ್ರೆಗಳಿಗೆ ಕಲಾಯಿ ಆಗುತ್ತಿದ್ದುದು ದೀಪಾವಳಿಗಲ್ಲ, ಪಂದ್ಯಕ್ಕೆ. ನಾನು ಪರಾತದಲ್ಲಿ ಹಿಟ್ಟು ಕಲಸಿಕೊಳ್ಳುತ್ತಿದ್ದೆ, ನನ್ನ ಬೋಗುಣಿಯಲ್ಲಿ ಆಸ್ಟ್ರೇಲಿಯಾ ಕೂತು ಮಾತಾಡುತ್ತಿತ್ತು.

ಹೀಗೆ ಅಡಿಗೆ ಮಾಡುತ್ತ ಮಾಡುತ್ತ ನನ್ನ ಕಿವಿಗೆ ಅಂಕಿಗಳು ಹತ್ತಿದವು. ಯಾರೂ ಕಲಿಸಲಿಲ್ಲ. ಇವರಿಗೆ ಬರೆಯುವಾಗ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ. ಬೋಗುಣಿಯಿಂದ ಐದು ಚಿಕ್ಕ ಸದ್ದು ಬಂದರೆ ಇವರು "ಐದು" ಎಂದು ಗೊಣಗುತ್ತಿದ್ದರು, ಐದು ಉದ್ದ ಬಂದರೆ "ಸೊನ್ನೆ" ಎನ್ನುತ್ತಿದ್ದರು. ಒಂದು ಚಿಕ್ಕದು ನಾಲ್ಕು ಉದ್ದ, ಒಂದು. ಎರಡು ಚಿಕ್ಕವು ಮೂರು ಉದ್ದ, ಎರಡು. ಮಗ್ಗಿ ಕಲಿತವಳಿಗೆ ಇದೆಷ್ಟರದು? ನನ್ನ ಕೈಯೂ ಕಿವಿಯ ಜೊತೆ ಸೇರಿ ರೊಟ್ಟಿಯ ಮೇಲೆ ಅದೇ ಏಟು ಹಾಕತೊಡಗಿತು. ಇನ್ನೊಂದು ತಿಳಿಯಿತು. ಕೀ ಒತ್ತುವ ಪ್ರತಿಯೊಬ್ಬನ ಕೈಗೂ ಒಂದು ಚಾಳಿ ಇರುತ್ತದೆ. ಒಬ್ಬ ಅವಸರದವನು, ಒಬ್ಬ ಜಗಳಗಂಟ. ಫಿಜಿಯ ಒಬ್ಬನಿದ್ದ, ಬಲು ಅಪರೂಪಕ್ಕೆ ಕೇಳಿಸುವವನು. ಅವನು ಪ್ರತಿ ಅಂಕಿಯ ಕೊನೆಯ ಏಟಿಗೆ ಮುಂಚೆ ಒಂದು ಕ್ಷಣ ತಡೆಯುತ್ತಿದ್ದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವವರು ತಡೆಯುತ್ತಾರಲ್ಲ, ಹಾಗೆ. ಭೂಪಟದಲ್ಲಿ ಅವನ ಊರು ಹುಡುಕಿದೆ. ಸಾಸಿವೆ ಕಾಳಿಗಿಂತ ಸಣ್ಣದು. ಅಲ್ಲಿ ಕೂತು ಇವನು ಏನು ತಿನ್ನುತ್ತಾನೋ ಎಂದು ನನಗೆ ಎಷ್ಟೋ ದಿನ ಯೋಚನೆ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕೊನೆಯ ಪಂದ್ಯ. ಹಿಂದೂಸ್ತಾನಕ್ಕೆ ಮೊದಲ ಸ್ಥಾನ ಪ್ರತಿ ಸಲವೂ ಕಲ್ಕತ್ತೆ ಕಡೆಯ ಒಬ್ಬ ಸಾಹೇಬರಿಗೆ ಹೋಗುತ್ತಿತ್ತು. ಅವರ ಯಂತ್ರ ವಿಲಾಯಿತಿಯದು, ನಮ್ಮದು ಬಿಸ್ಕೀಟಿನ ಡಬ್ಬಿಯದು. ಆ ವರ್ಷ ಏನೋ ಗಾಳಿ ನಮ್ಮ ಕಡೆಗಿತ್ತು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಇವರು ಎಲ್ಲ ಕಡೆಯವರನ್ನೂ ಹಿಡಿದಿದ್ದರು, ಫಿಜಿ ಒಂದನ್ನು ಬಿಟ್ಟು. "ಅದೊಂದು ಸಿಕ್ಕರ ಸಾಹೇಬರನ್ನ ದಾಟೇನಿ," ಎಂದು ಮುಖ ತೊಳೆಯದೆ ಕೂತಿದ್ದರು. ನಾನು ಒಳಗೆ ಅವಲಕ್ಕಿಗೆ ಒಗ್ಗರಣೆ ಇಟ್ಟಿದ್ದೆ. ಬ್ಯಾಡಗಿ ಮೆಣಸಿನಕಾಯಿ ಮುರಿದು ಎಣ್ಣೆಗೆ ಹಾಕುವುದಕ್ಕೂ, ಬೋಗುಣಿಯಲ್ಲಿ ಆ ತಡೆದು ಹೊಡೆಯುವ ಕೈ ಕೇಳಿಸುವುದಕ್ಕೂ ಸರಿಹೋಯಿತು.

ಇವರು ಕರೆದರು. ಅವನು ಓಗೊಟ್ಟ. ಅಂಕಿ ಹೇಳಲು ಶುರು ಮಾಡಿದ. ಅಷ್ಟರಲ್ಲಿ ನನ್ನ ಮೆಣಸಿನಕಾಯಿಯ ಘಾಟು ಮುಂದಿನ ಕೋಣೆಗೆ ಹೋಯಿತು. ಇವರು ಸೀನಿದರು. ಒಂದಲ್ಲ, ಒಂದರ ಮೇಲೊಂದು, ಪೆನ್ಸಿಲು ಹಾರಿಬೀಳುವ ಹಾಗೆ ಸೀನಿದರು. ಸೀನು ನಿಲ್ಲುವ ಹೊತ್ತಿಗೆ ಫಿಜಿಯವನು ಹೇಳಿ ಮುಗಿಸಿ, ಅಲೆಯಡಿ ಮುಳುಗಿದಂತೆ ಕೇಳದಾಗಿದ್ದ. ಇವರು ಮತ್ತೆ ಮತ್ತೆ ಕರೆದರು. ಉತ್ತರವಿಲ್ಲ.

"ನಲವತ್ತೇಳು ಅಂದಾರಿ ಅಂವ," ಎಂದು ನಾನು ಒಳಗಿನಿಂದ ಕೂಗಿದೆ.

ಮುಂದಿನ ಕೋಣೆಗೆ ಸೌಟು ಹಿಡಿದುಕೊಂಡೇ ಹೋಗಿ ನೋಡಿದೆ. ಇವರು ಕಣ್ಣು ಮೂಗು ಒರೆಸಿಕೊಳ್ಳುತ್ತ ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದರು.

"ನಿನಗ ಹ್ಯಾಂಗ ಗೊತ್ತಾತು?"

"ಕೇಳಸ್ತು. ನಾಲ್ಕು ಸಣ್ಣು ಒಂದು ಉದ್ದ, ಆಮ್ಯಾಲ ಎರಡು ಉದ್ದ ಮೂರು ಸಣ್ಣು. ಬರಕೋರಿ, ಮರ್ತೀರಿ."

ಇವರು ಕೀಯನ್ನು ಬದಿಗೆ ಸರಿಸಿ, ಮೇಜಿನ ಮೇಲೆ ಬೆರಳಿನಿಂದ ಅಂಕಿ ಬಡಿದು ನನ್ನನ್ನು ಪರೀಕ್ಷಿಸಿದರು. ಪಂದ್ಯದ ನಡುವೆ! ಒಂದೂ ತಪ್ಪದೆ ಹೇಳಿದೆ. ಇವರ ಮುಖ ಅರಳಿತು. ಆಮೇಲೆ ಪೆನ್ಸಿಲು ಎತ್ತಿಕೊಂಡರು, ಕಾಗದದ ಮೇಲೆ ಫಿಜಿಯ ಹೆಸರು ಬರೆದಿದ್ದ ಸಾಲನ್ನು ಉದ್ದಕ್ಕೆ ಗೀಟು ಎಳೆದು ಹೊಡೆದುಹಾಕಿದರು.

"ಯಾಕ್ರೀ? ನಾ ಹೇಳಿದ್ದು ಸುಳ್ಳ?"

"ಖರೇ ಅದ. ಆದ್ರ ಕೇಳಿದಾಕಿ ನೀ. ಇದು ಒಬ್ಬನ ಪಂದ್ಯ. ನನ್ನ ಕಿವಿಲೆ ನಾ ಕೇಳಬೇಕು."

"ಯಾರಿಗೆ ಗೊತ್ತಾಗ್ತದ?"

"ಯಾರಿಗೂ ಗೊತ್ತಾಗೂದಿಲ್ಲ," ಎಂದು ಹೇಳಿ ಇವರು ಬೋಗುಣಿಯ ಕಡೆ ಬಾಗಿದರು.

ಅವಲಕ್ಕಿ ಸೀದುಹೋಯಿತು. ನಾನು ಎರಡು ದಿನ ಮಾತು ಬಿಟ್ಟೆ. ಕಟ್ಟಿಕೊಂಡ ಹೆಂಡತಿಯ ಕಿವಿ ಪರರ ಕಿವಿಯಾಯಿತೇ ಎಂಬುದು ನನ್ನ ಸಂಕಟ. ಸಪ್ತಪದಿ ತುಳಿಯುವಾಗ ಅನ್ನ, ಬಲ, ಸಂಪತ್ತು ಎಂದೆಲ್ಲ ಹೇಳಿಸಿದರು, ಕಿವಿಯ ಮಾತು ಯಾಕೆ ಬಿಟ್ಟರೋ. ಕೆಲವು ತಿಂಗಳ ಮೇಲೆ ಫಲಿತಾಂಶ ಟಪಾಲಿನಲ್ಲಿ ಬಂತು. ಕಲ್ಕತ್ತೆಯ ಸಾಹೇಬರೇ ಮೊದಲು, ಕೂದಲೆಳೆಯಷ್ಟು ಅಂತರದಲ್ಲಿ ಇವರು ಎರಡನೆಯವರು. ಫಿಜಿ ಸೇರಿದ್ದರೆ ಗೆಲ್ಲುತ್ತಿದ್ದರು. ಸಂಜೆ ಕಾಲೇಜಿನಿಂದ ಬರುವಾಗ ನನಗೆ ಮೊಗ್ಗಿನ ಗಜರೆ ತಂದರು. ಅದನ್ನು ಮುಡಿದುಕೊಂಡೆ, ಸಿಟ್ಟು ಮಾತ್ರ ಬಿಡಲಿಲ್ಲ.

ಆಮೇಲೆ ಯುದ್ಧ ಶುರುವಾಯಿತು, ಹವ್ಯಾಸಿಗಳ ಲೈಸೆನ್ಸುಗಳೆಲ್ಲ ರದ್ದಾದವು. ಒಬ್ಬ ಪೊಲೀಸ್ ಫೌಜದಾರ ಇಬ್ಬರು ಸಿಪಾಯಿಗಳ ಜೊತೆ ಬಂದು ಯಂತ್ರ ಒಯ್ಯಲು ನಿಂತ. ಸುರುಳಿ, ವಾಲ್ವು, ಕೀ, ತಂತಿ ಎಲ್ಲ ಚೀಲಕ್ಕೆ ಹೋದವು. ಹೆಡ್‌ಫೋನು ಬೋಗುಣಿಯಲ್ಲಿ ಇತ್ತಲ್ಲ, ಅವನು ಬೋಗುಣಿಯ ಸಮೇತ ಎತ್ತಿದ. ನಾನು ಅಡ್ಡ ನಿಂತೆ. "ತೀ ಪರತ ದ್ಯಾ, ತ್ಯಾತ ಮೀ ಪೀಠ ಮಳತೇ," ಅದನ್ನು ಕೊಡಿ, ಅದರಲ್ಲಿ ನಾನು ಹಿಟ್ಟು ಕಲಸುತ್ತೇನೆ, ಎಂದೆ. ಅವನಿಗೆ ಅನುಮಾನ. ಬೋಗುಣಿಯನ್ನು ತಿರುಗಿಸಿ ನೋಡಿದ, ಬೆರಳಿನಿಂದ ಬಡಿದು ಕಿವಿಗೊಟ್ಟ. ಕೊನೆಗೆ ಕಾಕೂ ಮಾಳಿಗೆಯಿಂದಿಳಿದು ಬಂದು ಜೋರು ಮಾಡಿದ ಮೇಲೆ ಬಿಟ್ಟುಹೋದ. ಮೇಜು ಖಾಲಿಯಾಯಿತು. ಇವರು ಸಂಜೆ ಬಂದು ಖಾಲಿ ಮೇಜಿನ ಮುಂದೆ ಸುಮ್ಮನೆ ಕೂರತೊಡಗಿದರು. ನನ್ನ ಸಿಟ್ಟು ಇಳಿದದ್ದು ಆಗ.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬೇಕೆಂದೇ ನಲವತ್ತೇಳು ಬಡಿದೆ. ಮುಂದಿನ ಕೋಣೆಯಿಂದ ಇವರು ಎದ್ದು ಬಂದು, ಮಣೆ ಹಾಕಿಕೊಂಡು, ತಂಬಿಗೆಯ ಮೇಲೆ ಚಮಚದಿಂದ ಉತ್ತರ ಕೊಟ್ಟರು. ಅಂದಿನಿಂದ ನಮ್ಮ ಪಂದ್ಯ ಅಡಿಗೆಮನೆಯಲ್ಲೇ ನಡೆಯಿತು. ಅಂಕಿ ಬರುತ್ತಿದ್ದವು, ಇಂಗ್ಲಿಷ್ ಅಕ್ಷರಗಳನ್ನು ಇವರು ಕಲಿಸಿದರು. ಯುದ್ಧ ಫಿಜಿಯ ಸಮುದ್ರದ ಕಡೆಗೂ ಹೋಯಿತೆಂದು ಪತ್ರಿಕೆಯಲ್ಲಿ ಓದಿದ ದಿನ ನಾನು ಕೇಳಿದೆ, "ಅಂವ ಹ್ಯಾಂಗ ಇದ್ದಾನೊ?" ಇವರಿಗೆ ಯಾರೆಂದು ಹೇಳಬೇಕಾಗಲಿಲ್ಲ. "ಇರ್ತಾನ. ಇರಲಿ," ಎಂದರು.

ಯುದ್ಧ ಮುಗಿದು ಮತ್ತೆ ಲೈಸೆನ್ಸು ಕೊಡುತ್ತಾರೆಂದಾಗ ಇವರು ಅರ್ಜಿ ತಂದರು, ಒಂದಲ್ಲ, ಎರಡು. ಎರಡನೆಯದು ನನ್ನ ಹೆಸರಿಗೆ ಎಂದಾಗ ನನಗೆ ನಗು ಬಂತು. ಪರೀಕ್ಷೆಗೆ ತಾರಿನ ಕಚೇರಿಗೆ ಹೋದೆವು. ಪರೀಕ್ಷಕರು ಕುರ್ಚಿಯನ್ನು ಇವರ ಕಡೆ ಸರಿಸಿದರು. ಇವರು ಅದನ್ನು ನನ್ನ ಕಡೆ ಸರಿಸಿದರು. ನಾನು ಸೆರಗು ಹೊದ್ದು ಕೂತು, ಕಣ್ಣು ಮುಚ್ಚಿ, ಇದು ನಮ್ಮ ಅಡಿಗೆಮನೆ ಎಂದುಕೊಂಡು ಬರೆದೆ. ಪರೀಕ್ಷಕರು ನನ್ನ ಕೀಯ ಏಟು ಕೇಳಿ, ಇಂಥ ತಾಳ ಎಲ್ಲಿ ಕಲಿತಿರಿ ಎಂದರು. ರೊಟ್ಟಿಯಲ್ಲಿ ಎಂದರೆ ನಾಪಾಸು ಮಾಡಿಯಾರು ಎಂದು ಸುಮ್ಮನಿದ್ದೆ. ಪಾಸಾಯಿತು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಇಷ್ಟು ವರ್ಷ ನಾನು ಇವರಿಗೆ "ಏ, ಕೇಳ್ತೇನು?" ಆಗಿದ್ದೆ. ಲೈಸೆನ್ಸು ಬಂದ ದಿನ ಇವರು ಸರಕಾರ ಕೊಟ್ಟ ನನ್ನ ಅಕ್ಷರಗಳನ್ನು ಒಂದೊಂದಾಗಿ, ಬಾಯಿ ತುಂಬ ಕರೆದರು. ನನಗೆ ನಾಚಿಕೆಯಾಯಿತು, ಬಹಳ ಸಂತೋಷವೂ ಆಯಿತು.

ಈ ವರ್ಷದ ಪಂದ್ಯಕ್ಕೆ ಮನೆಯಲ್ಲಿ ಹೆಸರು ಎರಡು, ಇವರು ಹೊಸದಾಗಿ ಕಟ್ಟಿದ ಯಂತ್ರ ಒಂದು. ಇವರೇ ಕೂರುತ್ತಾರೆಂದು ನಾನು ಬೋಗುಣಿಗೆ ಕಲಾಯಿ ಹಾಕಿಸಿ ಇಟ್ಟಿದ್ದೆ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಇವರು ಪಂಚೆ ಮೇಲೆ ಕಟ್ಟಿ ಒಲೆ ಹೊತ್ತಿಸುತ್ತಿದ್ದಾರೆ. "ನೀ ಕೂಡು. ಅಡಗಿ ನಾ ಮಾಡ್ತೀನಿ. ಒಗ್ಗರಣಿ ಹಾಕೂದಿಲ್ಲ, ಅಂಜಬ್ಯಾಡ," ಎಂದರು. ಗಂಡಸು ಒಲೆ ಊದುವುದನ್ನು ಕಂಡು ಕಾಕೂ, "ಅಗ ಬಾಯೀ!" ಎಂದು ಗಲ್ಲಕ್ಕೆ ಕೈಹಚ್ಚಿ, ನನಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದು ಕಷಾಯ ಕಳಿಸಿದರು.

ಭಾನುವಾರ ಬೆಳಗಿನ ಹೊತ್ತು. ಬೋಗುಣಿಯ ತಳದಲ್ಲಿ, ಬಲು ದೂರದಲ್ಲಿ, ಒಂದು ಕೈ ಕೇಳಿಸಿತು. ಕೊನೆಯ ಏಟಿಗೆ ಮುಂಚೆ ಒಂದು ಕ್ಷಣ ತಡೆಯಿತು. ಬದುಕಿದ್ದಾನೆ! ನನ್ನ ಕಣ್ಣು ತುಂಬಿಬಂತು. ನನ್ನ ಹೆಸರು ಹೇಳಿ ಕರೆದೆ. ಓಗೊಟ್ಟ. ಒಂದು ಚಿಕ್ಕದು, ನಾಲ್ಕು ಉದ್ದ. ಒಂದು. ಅಷ್ಟರಲ್ಲಿ ಓಣಿಯ ತುದಿಯ ಹಿಟ್ಟಿನ ಗಿರಣಿ ಶುರುವಾಗಿ ಬೋಗುಣಿ ತುಂಬ ಕರಕರ. ಮುಂದಿನ ಅಂಕಿ ಅದರಡಿ ಹೋಯಿತು.

ಹಿಂದಿರುಗಿ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಇವರು ಸೌಟು ಹಿಡಿದು ನಿಂತಿದ್ದರು. ಕರಕರದ ನಡುವಿನಿಂದ ಅಂಕಿ ಹೆಕ್ಕುವುದು ಇವರಿಗೆ ಎಷ್ಟೋ ವರ್ಷಗಳ ಅಭ್ಯಾಸ. ಇವರಿಗೆ ಕೇಳಿಸಿದೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ತುಟಿ ಬಿಗಿದುಕೊಂಡು, ಕಣ್ಣು ಮಾತ್ರ ಕುಣಿಸುತ್ತ ನಿಂತಿದ್ದರು. ಹೇಳಿ ಎಂದು ಕೇಳುವ ಹಾಗಿಲ್ಲ. ಕೇಳಿದರೂ ಹೇಳುವ ಆಸಾಮಿಯಲ್ಲ. ನಾನು ತಿರುಗಿ ಕೀ ಹಿಡಿದು, ಇನ್ನೊಮ್ಮೆ ಹೇಳು ಎಂದೆ. ಏನೂ ಇಲ್ಲ. ಮತ್ತೆ ಕೇಳಿದೆ. ಬೋಗುಣಿಯೊಳಗೆ ತಲೆಯೇ ತೂರಿಸಿದೆ. ಗಿರಣಿಯ ಸದ್ದಿನ ಕೆಳಗೆ, ಎಳೆಯಂತೆ ಬಂತು: ಒಂದು ಚಿಕ್ಕದು, ನಾಲ್ಕು ಉದ್ದ, ನಾಲ್ಕು ಚಿಕ್ಕವು, ಒಂದು ಕ್ಷಣ ತಡೆದು, ಐದನೆಯದು.

"ಹದಿನೈದು!" ಎಂದು ಕೂಗಿಯೇ ಬರೆದೆ.

ಇಲ್ಲಿಗೆ ಬಿಡಬೇಕಿತ್ತು. ಪಂದ್ಯದಲ್ಲಿ ಯಾರೂ ಮಾಡಬಾರದ ಕೆಲಸ ಆಮೇಲೆ ಮಾಡಿದೆ. ಕೈ ತಡೆಯಲಿಲ್ಲ. ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ, ಕೇಳಿಬಿಟ್ಟೆ. ಅಲ್ಲಿ ಆಗ ಮಧ್ಯಾಹ್ನ ಎಂದು ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಪಾಪ, ಪಂದ್ಯದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಆಮೇಲೆ ಉತ್ತರ ಬಂತು. ಆಯಿತು, ಮೀನು ಅನ್ನ, ಎಂದ. ನಮ್ಮ ಮಡಿ ಅಡಿಗೆಯ ಬೋಗುಣಿಯಲ್ಲಿ ಮೀನು! ನಾನೂ ಇವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ನನ್ನನ್ನು ಕರೆದು ಕರೆದು ಬೇಸತ್ತ ಮೂವರು ಬೇರೆ ಕಡೆ ಹೋಗಿದ್ದರು. ನಾನೇನೂ ಗೆಲ್ಲಲಿಲ್ಲ, ಪಟ್ಟಿಯ ಕೆಳತುದಿಯಲ್ಲೆಲ್ಲೋ ಇದ್ದೇನೆ.

ಪಂದ್ಯ ಮುಗಿದ ಮೇಲೆ ಇಬ್ಬರೂ ಊಟಕ್ಕೆ ಕೂತೆವು. ಇವರು ಬಡಿಸಿದರು.

"ನಿಮಗ ಕೇಳಿಸಿತ್ತಿಲ್ಲೋ, ಹದಿನೈದು?" ಎಂದೆ.

"ಕೇಳಿಸಿತ್ತು."

"ಅಂವ ಮತ್ತ ಸಿಗದೇ ಹೋಗಿದ್ರ?"

"ಹೋಗ್ತಿದ್ದ."

"ಒಂದು ಮಾತು ಹೇಳಿದ್ರ ಏನಾಗ್ತಿತ್ರೀ?"

ಇವರು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು. "ಹೇಳಿದ್ರ ಅದು ನಿಂದಾಗ್ತಿದ್ದಿಲ್ಲ," ಎಂದರು.

ಎಷ್ಟೋ ವರ್ಷಗಳ ಹಿಂದೆ ಎಳೆದ ಆ ಗೀಟು ನನಗೆ ಅರ್ಥವಾದದ್ದು ಆಗ. ತಲೆ ತಗ್ಗಿಸಿ ಸಾರನ್ನ ಕಲಸಿ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ. ಇವರು ಇನ್ನೂ ಬಾಯಿಗಿಟ್ಟಿರಲಿಲ್ಲ, ಹೇಗಾಗಿದೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಹೇಳಲಿಲ್ಲ.